ಸೊಂಟದ ಕೀಲಿಗೆ ಲೋಹ ಹಾಕಿಸಿಕೊಂಡೂ ಟೆನಿಸ್ ಗೆದ್ದ ಮರ್ರೆ: ಹಾಗಾದರೆ ಎಲ್ಲರೂ ಓಡಬಹುದೇ?

‘ಸೊಂಟದ ಕೀಲಿನ ಆಪರೇಷನ್ ಆಗಿ ಒಂಬತ್ತೇ ತಿಂಗಳಿಗೆ ಆಂಡಿ ಮರ್ರೆ ಟೆನಿಸ್ ಟೂರ್ನಿ ಗೆದ್ದರು, ನಿಮ್ಮ ಅಪ್ಪನೂ ಓಡಬಹುದು’ ಎಂಬ ಧಾಟಿಯ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಮೊದಲರ್ಧ ನಿಜ. ಎರಡನೆಯದನ್ನು ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಬ್ರಿಟನ್ನಿನ ಮರ್ರೆಗೆ 2019ರ ಜನವರಿಯಲ್ಲಿ ಲಂಡನ್ನಿನಲ್ಲಿ ಆಪರೇಷನ್ ಆಯಿತು. ಜೂನ್‌ನಲ್ಲಿ ಕ್ವೀನ್ಸ್ ಕ್ಲಬ್ ಡಬಲ್ಸ್, ಅಕ್ಟೋಬರ್‌ನಲ್ಲಿ ಆಂಟ್‌ವರ್ಪ್ ಸಿಂಗಲ್ಸ್ ಗೆದ್ದರು. 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ 5 ಗಂಟೆ 45 ನಿಮಿಷ ಆಡಿ ಒಂದು ಪಂದ್ಯ ಗೆದ್ದದ್ದೂ ಉಂಟು. ಆದರೆ ಆಪರೇಷನ್ ನಂತರ ಯಾವ ಗ್ರ್ಯಾನ್ ಸ್ಲಾಮ್ ಸಿಂಗಲ್ಸ್‌ನಲ್ಲೂ ಅವರು ಮೂರನೇ ಸುತ್ತು ದಾಟಲಿಲ್ಲ. ಫಾರ್ವರ್ಡ್‌ಗಳು ಇದನ್ನು ಹೇಳುವುದಿಲ್ಲ.

ಅವರಿಗೆ ಆದದ್ದು ‘ರೀಸರ್ಫೇಸಿಂಗ್’. ಸಾಮಾನ್ಯವಾಗಿ ಕೀಲು ಬದಲಿಸುವಾಗ ತೊಡೆ ಮೂಳೆಯ ತುದಿಯ ಗುಂಡನ್ನು ಕತ್ತರಿಸಿ ತೆಗೆದು, ಮೂಳೆಯೊಳಗೆ ಲೋಹದ ಕಡ್ಡಿ ಕೂರಿಸಿ, ಅದರ ಮೇಲೆ ಹೊಸ ಗುಂಡು ಇಡುತ್ತಾರೆ. ರೀಸರ್ಫೇಸಿಂಗ್‌ನಲ್ಲಿ ಗುಂಡು ಉಳಿಯುತ್ತದೆ. ಹಲ್ಲಿಗೆ ಕ್ಯಾಪ್ ಹಾಕಿದಂತೆ, ಅದನ್ನು ಸವರಿ ಲೋಹದ ಟೋಪಿ ತೊಡಿಸುತ್ತಾರೆ. ಗುಂಡು ದೊಡ್ಡದಾಗಿಯೇ ಇರುವುದರಿಂದ ಕೀಲು ಜಾರುವ ಭಯ ಕಡಿಮೆ. ಆದರೆ ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಕಣಗಳು ರಕ್ತಕ್ಕೆ ಸೇರಬಹುದು, ಸುತ್ತಲಿನ ಮಾಂಸಕ್ಕೆ ಹಾನಿಯಾಗಬಹುದು. ಹೀಗಾಗಿ ಇದು ಮುಖ್ಯವಾಗಿ ಗಟ್ಟಿ, ದೊಡ್ಡ ಮೂಳೆಯ ಕಿರಿಯ ಗಂಡಸರಿಗೆ. ಹೆಂಗಸರಿಗೆ, ಮೂಳೆ ಸವೆದವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಮೂಳೆ ಮುರಿದ ಅಜ್ಜಿಗೆ ಆಗುವ ಆಪರೇಷನ್ನೇ ಬೇರೆ.

ಪೂರ್ತಿ ಕೀಲು ಬದಲಾದವರು ಆಟ ಬಿಡಬೇಕೆಂದೇನಿಲ್ಲ. ನಡಿಗೆ, ಈಜು, ಸೈಕಲ್, ಅಭ್ಯಾಸವಿದ್ದವರಿಗೆ ಡಬಲ್ಸ್ ಟೆನಿಸ್‌ಗೂ ತಿಂಗಳುಗಳ ಫಿಸಿಯೋಥೆರಪಿ ನಂತರ ಅನೇಕ ವೈದ್ಯರು ಒಪ್ಪುತ್ತಾರೆ. ಓಟ, ಫುಟ್‌ಬಾಲ್, ಕಬಡ್ಡಿಗೆ ಹೆಚ್ಚಿನವರು ಬೇಡವೆನ್ನುತ್ತಾರೆ: ಕೀಲಿನ ಒಳಪದರ ಬೇಗ ಸವೆಯಬಹುದು, ಬಿದ್ದರೆ ಕಡ್ಡಿಯ ಸುತ್ತಲಿನ ಮೂಳೆ ಮುರಿಯಬಹುದು. ನಮ್ಮಲ್ಲಿ ಇನ್ನೂ ಮುಖ್ಯವಾದ ಪ್ರಶ್ನೆ ನೆಲದ ಮೇಲೆ ಕೂರುವುದು, ಕುಕ್ಕರುಗಾಲಿನ ಶೌಚಾಲಯ. ಅದನ್ನು ನಾಚಿಕೆಯಿಲ್ಲದೆ ಸರ್ಜನ್ ಹತ್ತಿರವೇ ಕೇಳಿ.

ಕಾಲು ಇದ್ದಕ್ಕಿದ್ದಂತೆ ತಿರುಚಿ ಗಿಡ್ಡವಾದರೆ, ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ, ಗಾಯದಿಂದ ಕೀವು ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಹಾಕಿರುವ ಕೀಲು ಯಾವುದೆಂಬ ಸ್ಟಿಕರ್ ಆಸ್ಪತ್ರೆಯ ಕಾಗದಗಳಲ್ಲಿ ಇದ್ದರೆ ಅದರ ಫೋಟೋ ಮೊಬೈಲಿನಲ್ಲಿರಲಿ. ಮುಂದೆ ನೋಡುವ ವೈದ್ಯರು ಮೊದಲು ಕೇಳುವುದು ಅದನ್ನೇ.