ಬಾಗಿಲಿಗೆ ಬಂದವರು ಬೇರೆ, ಸಿಬಿಲ್‌ನಲ್ಲಿ ಇರುವವರು ಬೇರೆ

ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡಿರುವ ನೇಕಾರರೊಬ್ಬರು ಎಂದುಕೊಳ್ಳಿ. ಸೀರೆ ವ್ಯಾಪಾರ ಬಿದ್ದುಹೋದ ವರ್ಷ ಬೈಕ್ ಲೋನಿನ ಐದಾರು ಕಂತು ತಪ್ಪಿದವು. ವಸೂಲಿಗೆ ಬಂದ ಹುಡುಗ ‘ಹದಿನೈದು ಸಾವಿರ ಕೊಡಿ ಅಣ್ಣ, ಕ್ಲೋಸ್ ಮಾಡಿಸ್ತೀನಿ’ ಎಂದ. ಕೈಸಾಲ ಮಾಡಿ ಕೊಟ್ಟರು. ಆಮೇಲೆ ಅವನೂ ಬರಲಿಲ್ಲ, ಫೋನೂ ಬರಲಿಲ್ಲ. ಮೂರು ವರ್ಷ ಕಳೆದು ಹೊಸ ಮಗ್ಗಕ್ಕೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ಕಂಪ್ಯೂಟರ್ ನೋಡಿ, ‘ನಿಮ್ಮ ಸಿಬಿಲ್ ಸರಿಯಿಲ್ಲವಲ್ಲ’ ಎಂದರು.

ಇದು ಕಲ್ಪಿಸಿದ ಸನ್ನಿವೇಶ. ಆದರೆ ಹೊಸಕೋಟೆ, ನೆಲಮಂಗಲ, ದೇವನಹಳ್ಳಿಯ ಯಾವ ಮನೆಯಲ್ಲಾದರೂ ನಡೆಯಬಹುದಾದದ್ದು. ತಪ್ಪಿದ್ದು ಎಲ್ಲಿ? ದುಡ್ಡು ಒಬ್ಬರ ಕೈಗೆ ಹೋಯಿತು, ಲೆಕ್ಕ ಇನ್ನೊಬ್ಬರ ಪುಸ್ತಕದಲ್ಲಿ ಉಳಿಯಿತು.

ವರದಿಯಲ್ಲಿ ಯಾರ ಹೆಸರಿರುತ್ತದೆ?

ನಾವು ಎಲ್ಲಕ್ಕೂ ‘ಸಿಬಿಲ್’ ಎನ್ನುತ್ತೇವೆ. ನಿಜಕ್ಕೆ ನಮ್ಮ ಸಾಲದ ಚರಿತ್ರೆ ಬರೆದಿಡುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಇವು 2005ರ ಕಾಯ್ದೆಯಡಿ, ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿ ನಡೆಯುತ್ತವೆ. ಇವುಗಳಿಗೆ ಮಾಹಿತಿ ಕಳಿಸುವವರು ಸಾಲ ಕೊಟ್ಟ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ. ಬ್ಯಾಂಕು ಕೆಟ್ಟ ಸಾಲವನ್ನು ಆಸ್ತಿ ಪುನರ್‌ರಚನಾ ಕಂಪನಿಗೆ ಮಾರಿದ್ದರೆ ಆ ಕಂಪನಿಯ ಹೆಸರು ಕಾಣಬಹುದು. ಮನೆಗೆ ಬರುವ ವಸೂಲಿ ಏಜೆನ್ಸಿ ಇವರ ಕೂಲಿಗೆ ಓಡಾಡುವುದಷ್ಟೆ. ವರದಿಯಲ್ಲಿ ಒಂದಕ್ಷರ ತಿದ್ದುವ ಅಧಿಕಾರ ಅದಕ್ಕಿಲ್ಲ. ಆದ್ದರಿಂದ ಸಾಲದ ಮಾತು ಆಡಬೇಕಾದದ್ದು ವರದಿಯಲ್ಲಿ ಹೆಸರಿರುವವರ ಜೊತೆ.

ಮೊದಲು ವರದಿ ತೆಗೆಸಿ

ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಅವರ ವೆಬ್‌ಸೈಟಿನಲ್ಲಿ ಪ್ಯಾನ್‌ನಂಥ ಗುರುತು ಮತ್ತು ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ಸಿಗುತ್ತದೆ. ನಮ್ಮ ವರದಿ ನಾವೇ ನೋಡಿದರೆ ಅಂಕ ಇಳಿಯುವುದಿಲ್ಲ. 300ರಿಂದ 900ರವರೆಗಿನ ಆ ಅಂಕಕ್ಕಿಂತ ಒಳಗಿನ ಸಾಲುಗಳನ್ನು ಗಮನಿಸಿ.

‘ಡಿಪಿಡಿ’ ಎಂದರೆ ಕಂತು ಎಷ್ಟು ದಿನ ತಡವಾಗಿದೆ ಎಂಬ ಲೆಕ್ಕ; ಸೊನ್ನೆ ಇದ್ದರೆ ಸಲೀಸು. ‘ರಿಟನ್ ಆಫ್’ ಎಂದರೆ ಸಾಲ ಮನ್ನಾ ಆಯಿತೆಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ಬ್ಯಾಂಕು ತನ್ನ ಪುಸ್ತಕದಲ್ಲಿ ಅದನ್ನು ನಷ್ಟಕ್ಕೆ ಬರೆದುಕೊಂಡಿದೆ, ನಿಮ್ಮ ಬಾಕಿ ಹಾಗೆಯೇ ಇದೆ. ‘ಸೆಟಲ್ಡ್’ ಎಂದರೆ ಬರಬೇಕಾದದ್ದಕ್ಕಿಂತ ಕಡಿಮೆ ಹಣಕ್ಕೆ ಒಪ್ಪಿಕೊಂಡರು ಎಂದರ್ಥ; ಮುಂದೆ ಸಾಲ ಕೊಡುವವರು ಇದನ್ನು ಕಂಡರೆ ಹಿಂದೇಟು ಹಾಕುತ್ತಾರೆ. ‘ಕ್ಲೋಸ್ಡ್’ ಒಂದೇ ಪೂರ್ತಿ ಚುಕ್ತಾ. ನೆಂಟರಿಗೆ ಜಾಮೀನು ಹಾಕಿದ್ದರೆ ಆ ಸಾಲವೂ ನಿಮ್ಮ ವರದಿಯಲ್ಲಿ ಕೂತಿರುತ್ತದೆ.

ತಪ್ಪಿದ್ದರೆ

ನೀವು ಮಾಡದ ಸಾಲ, ತೀರಿಸಿದರೂ ಬಾಕಿ ಎಂದು ತೋರಿಸುವ ಸಾಲ, ಒಂದೇ ಸಾಲ ಎರಡು ಕಡೆ ನಮೂದಾಗಿರುವುದು: ಇವನ್ನು ವರದಿ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲೇ ಪ್ರಶ್ನಿಸಬಹುದು. ಶುಲ್ಕವಿಲ್ಲ. ಅದೇ ದಿನ ಸಾಲ ಕೊಟ್ಟವರ ಶಾಖೆಗೂ ರಸೀದಿಯ ನಕಲು ಇಟ್ಟು ಅರ್ಜಿ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಾಲ ಕೊಟ್ಟವರು 21 ದಿನದೊಳಗೆ ಸರಿಯಾದ ಮಾಹಿತಿ ಕಳಿಸಬೇಕು, ಒಟ್ಟು 30 ದಿನದಲ್ಲಿ ದೂರು ತೀರಬೇಕು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ‘ಸಿಬಿಲ್ ರಿಪೇರಿ ಮಾಡಿಸಿಕೊಡ್ತೀವಿ’ ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ತಪ್ಪು ನಮೂದನ್ನು ನೀವೇ ಪುಕ್ಕಟೆ ತೆಗೆಸಬಹುದು, ನಿಜವಾದ ನಮೂದನ್ನು ದುಡ್ಡು ತೆಗೆದುಕೊಂಡು ಯಾರೂ ಅಳಿಸಲಾರರು.

ಬಾಕಿ ನಿಜವಾಗಿದ್ದರೆ

ಶಾಖೆಗೆ ಹೋಗಿ ಸಾಲದ ಲೆಕ್ಕದ ಪಟ್ಟಿ ಕೇಳಿ. ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು ಬಿಡಿಸಿ ನೋಡಿ. ದಂಡ ಬಿಡಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಪೂರ್ತಿ ಕಟ್ಟುವ ಶಕ್ತಿ ಇದ್ದರೆ ಪೂರ್ತಿ ಕಟ್ಟಿ, ಇಲ್ಲದಿದ್ದರೆ ಸೆಟಲ್‌ಮೆಂಟ್. ಆದರೆ ಕಾಗದ ಮೊದಲು, ಹಣ ಆಮೇಲೆ. ಎಷ್ಟು ಹಣ, ಯಾವ ತಾರೀಖಿನೊಳಗೆ, ಕಟ್ಟಿದ ಮೇಲೆ ಉಳಿದದ್ದು ಕೇಳುವುದಿಲ್ಲ ಎಂಬುದು ಸಾಲ ಕೊಟ್ಟವರ ಲೆಟರ್‌ಹೆಡ್‌ನಲ್ಲಿ ಬರಬೇಕು. ಏಜೆಂಟನ ವಾಟ್ಸ್ಆ್ಯಪ್ ಮೆಸೇಜು ಕಾಗದವಲ್ಲ. ಹಣ ಸಾಲದ ಖಾತೆಗೇ ಹೋಗಲಿ, ಯಾರದೋ ಫೋನ್‌ಪೇ ನಂಬರಿಗೆ ಬೇಡ.

ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪತ್ರ, ಅಂದರೆ ಎನ್‌ಒಸಿ, ಪಡೆಯಿರಿ. ಜಮೀನು, ಮನೆ ಪತ್ರ ಅಡವಿಟ್ಟಿದ್ದರೆ ಚುಕ್ತಾ ಆದ 30 ದಿನದಲ್ಲಿ ವಾಪಸ್ ಬರಬೇಕು. ಅವರಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರವಿದೆ. ಒಂದೆರಡು ತಿಂಗಳು ಬಿಟ್ಟು ವರದಿ ಮತ್ತೆ ನೋಡಿ. ಹಳೆಯ ತಡಗಳು ತಕ್ಷಣ ಮಾಯವಾಗುವುದಿಲ್ಲ. ಸಾಲದ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕೆಂಬುದು ನಿಯಮ. ಹೊಸ ಕಂತುಗಳನ್ನು ಸರಿಯಾಗಿ ಕಟ್ಟುತ್ತ ಹೋದಂತೆ ಅವುಗಳ ಭಾರ ತಗ್ಗುತ್ತದೆ.

ಬಾಗಿಲಲ್ಲಿ ನಿಂತವರನ್ನು ಕೇಳಬೇಕಾದದ್ದು

ಏಜೆಂಟರ ಬಳಿ ಗುರುತಿನ ಚೀಟಿ ಮತ್ತು ಸಾಲ ಕೊಟ್ಟವರ ಅಧಿಕಾರ ಪತ್ರ ಇರಬೇಕು. ಎರಡನ್ನೂ ಕೇಳಿ, ಫೋಟೊ ತೆಗೆದುಕೊಳ್ಳಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿಗಾಗಿ ಫೋನ್ ಮಾಡುವಂತಿಲ್ಲ. ಹೆಂಗಸರು ಗುಂಪಾಗಿ ಪಡೆಯುವ ಮೈಕ್ರೋಫೈನಾನ್ಸ್ ಸಾಲಕ್ಕೆ ನಿಯಮ ಇನ್ನೂ ಬಿಗಿ: 9ರಿಂದ 6ರೊಳಗೆ ಮಾತ್ರ. ಕಂತು ಕಟ್ಟುವ ಜಾಗ ಎರಡೂ ಕಡೆಯವರು ಒಪ್ಪಿದ್ದಾಗಿರಬೇಕು. ಅಲ್ಲಿಗೆ ಸತತ ಎರಡು ಬಾರಿ ಅಥವಾ ಹೆಚ್ಚು ಸಲ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಬೈಯುವುದು, ಬೀದಿಯಲ್ಲಿ ಮಾನ ಕಳೆಯುವುದು, ನೆಂಟರಿಗೆ ಸ್ನೇಹಿತರಿಗೆ ಫೋನ್ ಮಾಡಿ ಕಾಡುವುದು ಯಾವ ಹೊತ್ತಿನಲ್ಲೂ ಸಲ್ಲದು. ಏಜೆಂಟನ ನಡವಳಿಕೆಗೆ ಸಾಲ ಕೊಟ್ಟವರೇ ಹೊಣೆ.

‘ಪೊಲೀಸರನ್ನು ಕರೆಸ್ತೀವಿ’ ಎಂಬ ಬೆದರಿಕೆ ಸಾಮಾನ್ಯ. ಕಂತು ಕಟ್ಟಲಾಗದ್ದು ಸಿವಿಲ್ ವ್ಯವಹಾರ, ಅದಕ್ಕೆ ಬಂಧನವಿಲ್ಲ. ಆದರೆ ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ಕ್ರಿಮಿನಲ್ ಕೇಸು ಆಗಬಲ್ಲದು. ಅಂಥ ನೋಟಿಸನ್ನು ಕಡೆಗಣಿಸಬೇಡಿ. ಲೋಕ ಅದಾಲತ್‌ನಿಂದ ಕರೆ ಬಂದರೆ ಹೆದರದೆ ಹೋಗಿ. ಚೌಕಾಸಿಗೆ ಒಳ್ಳೆಯ ಜಾಗ. ಅಲ್ಲಿ ಸಹಿ ಹಾಕಿದ ರಾಜಿ ಕೋರ್ಟಿನ ತೀರ್ಪಿಗೆ ಸಮ, ಮೇಲ್ಮನವಿ ಇಲ್ಲ. ಓದಿಸಿಕೊಂಡು ಸಹಿ ಹಾಕಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.

ದೂರು ಯಾರಿಗೆ?

ಮೊದಲು ಸಾಲ ಕೊಟ್ಟವರಿಗೆ ಬರವಣಿಗೆಯಲ್ಲಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ, ಶುಲ್ಕವಿಲ್ಲದೆ, ಮಾಹಿತಿಗೆ 14448. ಸಿಬಿಲ್‌ನಂಥ ಕಂಪನಿಗಳ ಮೇಲೂ ಇಲ್ಲಿ ದೂರಬಹುದು. ಮೈಮೇಲೆ ಬಂದರೆ 112, ಮೊಬೈಲ್ ಆ್ಯಪ್ ಸಾಲದ ವಂಚನೆಯಾದರೆ 1930.

ಕಿರುಸಾಲದವರ ಕಿರುಕುಳ ತಾಳದೆ ಜನ ಊರು ಬಿಟ್ಟ ಸುದ್ದಿಗಳ ಬೆನ್ನಿಗೆ ರಾಜ್ಯ ಸರ್ಕಾರ 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆ ತಂದಿತು, ಅದೇ ಮುಂದೆ ಕಾಯ್ದೆಯಾಯಿತು. ಬಲವಂತದ ವಸೂಲಿಗೆ ಆರು ತಿಂಗಳಿಂದ ಹತ್ತು ವರ್ಷ ಜೈಲು, 5 ಲಕ್ಷದವರೆಗೆ ದಂಡ. ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ. ಇದರ ಮುಖ್ಯ ಗುರಿ ನೋಂದಣಿಯಿಲ್ಲದೆ ಸಾಲ ಕೊಡುವವರು. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದವರಿಗೆ ಮೇಲೆ ಹೇಳಿದ ಅದರದೇ ನಿಯಮಗಳಿವೆ.

ಮತ್ತೆ ನಮ್ಮ ನೇಕಾರರ ವಿಷಯ. ಅವರು ಮೊದಲು ತರಿಸಬೇಕಾದದ್ದು ಬೈಕ್ ಲೋನಿನ ಲೆಕ್ಕದ ಪಟ್ಟಿ. ಆ ಹದಿನೈದು ಸಾವಿರ ಅದರಲ್ಲಿ ಜಮಾ ಆಗಿದ್ದರೆ ಉಳಿದದ್ದರ ಬಗ್ಗೆ ಕೂತು ಮಾತಾಡಬಹುದು. ಜಮಾ ಆಗಿಲ್ಲದಿದ್ದರೆ ಏಜೆಂಟನ ಮೇಲೆ ಬರವಣಿಗೆಯಲ್ಲಿ ದೂರು ಕೊಡಬೇಕು. ಆಗ ಶಾಖೆಯವರು ಕೇಳುವ ಮೊದಲ ಪ್ರಶ್ನೆ: ‘ರಸೀದಿ ಇದೆಯಾ?’