ಹೊಸ ಮೈದಾನ ಬಂದ್ರೆ ತಂಡ ಗೆಲ್ಲುತ್ತಾ?

ಹೊಸ ಮೈದಾನ ಬಂದ್ರೆ ಗೆಲುವೂ ಬರುತ್ತಾ?

2009.
ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡ
ಹೊಚ್ಚ ಹೊಸ ಸಿಟಿ ಫೀಲ್ಡ್ ಮೈದಾನಕ್ಕೆ ಬಂತು.
ಮುಖ್ಯ ಆಟಗಾರರೇ ಗಾಯಾಳುಗಳಾದರು.
162 ಪಂದ್ಯ. 92 ಸೋಲು!

ಚಿಂಬಲ್ ಗೆಳೆಯರೇ,
ನಮ್ಮ ಫುಟ್‌ಬಾಲ್ ತಂಡ ಎಫ್‌ಸಿ ಗೋವಾ ಕಥೆ ನೆನಪಿದೆಯಾ?
2015ರಲ್ಲಿ ತವರಿನ ಫಾತೋರ್ಡಾ ಮೈದಾನದಲ್ಲೇ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್ ಆಡಿತ್ತು.
ಮರುವರ್ಷ ಅದೇ ಮೈದಾನ,
ಅದೇ ಕೋಚ್ ಜಿಕೊ.
ಆದ್ರೆ ಎಂಟು ತಂಡಗಳಲ್ಲಿ ಎಂಟನೇ ಸ್ಥಾನ!

ಕಾವಲಿ ಎಷ್ಟೇ ಚೆನ್ನಾಗಿರಲಿ,
ಹಿಟ್ಟು ಹದವಾಗಿಲ್ಲದಿದ್ರೆ ದೋಸೆ ಏಳಲ್ಲ.
ತಂಡವೂ ಹಾಗೇ.

2017ರಲ್ಲಿ ಹೊಸ ಕೋಚ್ ಸೆರ್ಜಿಯೊ ಲೊಬೆರಾ ಬಂದರು.
ಚೆಂಡು ಬಿಟ್ಟುಕೊಡದ, ಪಾಸ್ ಮೇಲೆ ಪಾಸ್ ಕೊಡುವ ಆಟ ಕಟ್ಟಿದರು.
2019-20ರಲ್ಲಿ ಲೀಗ್ ಶೀಲ್ಡ್ ಗೋವಾದ್ದೇ!

ಗೆಲ್ಲಿಸೋದು ಕಟ್ಟಡ ಅಲ್ಲ, ತಂಡ ಕಟ್ಟುವ ತಾಳ್ಮೆ.
ಸೋತ ವರ್ಷವೂ ನಿಮ್ಮ ತಂಡದ ಜೊತೆ ನಿಲ್ಲಿ.