ಇಂಜಿನ್ನಿನ ಹೊಟ್ಟೆಯಲ್ಲಿ ಗಾಳಿ

ಮೇ ತಿಂಗಳು ಬಂತೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಗ್ಯಾರೇಜುಗಳಲ್ಲಿ ಕೇಳಿಬರುವ ದೂರು ಒಂದೇ: ‘ಉಸ್ತಾದ್, ಗಾಡಿ ಗರಂ ಆಗ್ಲಿಕತ್ತದ ನೋಡ್ರಿ.’ ನೆತ್ತಿಯ ಮೇಲೆ 42-43 ಡಿಗ್ರಿ ಬಿಸಿಲಿರುವಾಗ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವಾಗುವುದು ನಿನ್ನೆ ಮೊನ್ನೆಯಷ್ಟೇ ರಿಪೇರಿಯಾಗಿ ಹೋದ ಕಾರು ಅದೇ ದೂರು ಹೊತ್ತು ಮರಳಿ ಬಂದಾಗ. ರೇಡಿಯೇಟರು ಹೊಸದು, ಹೋಸ್ ಪೈಪು ಹೊಸದು, ವಾಟರ್ ಪಂಪೂ ಹೊಸದು. ನೀರು ಕಂಠಮಟ್ಟ ತುಂಬಿದೆ. ಆದರೂ ಹತ್ತು ಕಿಲೋಮೀಟರು ದಾಟುವುದರೊಳಗೆ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ! ಮಾಲೀಕರಿಗೆ ಮೋಸಹೋದ ಅನುಮಾನ, ಮೆಕ್ಯಾನಿಕ್‌ಗೆ ಅವಮಾನ. ಬಹಳ ಸಲ ಆ ಹೊಸ ಭಾಗಗಳಲ್ಲಿ ಯಾವ ದೋಷವೂ ಇರುವುದಿಲ್ಲ. ನೀರು ಇರಬೇಕಾದ ಜಾಗದಲ್ಲಿ ಒಂದಿಷ್ಟು ಗಾಳಿ ಕುಳಿತಿರುತ್ತದೆ, ಅಷ್ಟೆ.

‘ಏರ್ ಹಿಡಿದಿದೆ’ ಎಂದು ಗ್ಯಾರೇಜಿನವರು ಹೇಳುವುದು ಇದನ್ನೇ. ಡೀಸೆಲ್ ಪೈಪಿನಲ್ಲಿ ಏರ್ ಹಿಡಿದು ಜೀಪು, ಟ್ರ್ಯಾಕ್ಟರು ನಿಂತುಬಿಡುವುದು ಬೇರೆ ಸಂಗತಿ. ಇಲ್ಲಿ ಗಾಡಿ ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಅಪಾಯವಿರುವುದೇ ಅದರಲ್ಲಿ.

ಒಂದು ಲೋಟ ಗಾಳಿಯ ಕಿತಾಪತಿ

ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಹೆಚ್ಚೂ ಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಹೊಗೆಯೊಂದಿಗೆ ಹೋಗುತ್ತದೆ. ಉಳಿದುದನ್ನು ಇಂಜಿನ್ನಿನ ಮೈಯಿಂದ ಹೀರಿ ರೇಡಿಯೇಟರಿಗೆ ಸಾಗಿಸುವ ಹೊರೆ ನೀರಿನದು. ವಿಜ್ಞಾನ ಓದಿದವರಿಗೆ ವಿಶಿಷ್ಟೋಷ್ಣದ ಪಾಠ ನೆನಪಿರಬಹುದು. ಒಂದು ಲೀಟರು ನೀರಿನ ಉಷ್ಣತೆಯನ್ನು 1 ಡಿಗ್ರಿ ಏರಿಸಲು ಸುಮಾರು 4,200 ಜೂಲ್ ಶಾಖ ಬೇಕು. ಒಂದು ಲೀಟರು ಗಾಳಿಗೆ ಒಂದೂಕಾಲು ಜೂಲ್ ಕೂಡ ಬೇಡ! ಅಂದರೆ ಶಾಖ ಹೊರುವ ಕೆಲಸದಲ್ಲಿ ನೀರು ಎತ್ತಾದರೆ ಗಾಳಿ ಇರುವೆ. ಸಿಲಿಂಡರಿನ ತಲೆಯ ಒಂದು ಮೂಲೆಯಲ್ಲಿ ಲೋಟದಷ್ಟು ಗಾಳಿ ಸಿಕ್ಕಿಕೊಂಡರೂ ಆ ಜಾಗದ ಲೋಹ ಕಾಯುತ್ತಲೇ ಹೋಗುತ್ತದೆ.

ಗಾಳಿ ಪಂಪನ್ನೂ ಕೆಡಿಸುತ್ತದೆ. ಕಾಗಿಣಾ ದಂಡೆಯಲ್ಲಿ ಪಂಪ್‌ಸೆಟ್ಟು ಇಟ್ಟ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಹೀರುವ ಪೈಪಿನೊಳಗೆ ಮೊದಲು ನೀರು ತುಂಬಿಸದೆ ಮೋಟಾರು ಹಚ್ಚಿದರೆ ಪಂಪು ಸುಮ್ಮನೆ ಗಿರಗಿರ ತಿರುಗುತ್ತದೆ, ಹನಿ ನೀರೂ ಏರುವುದಿಲ್ಲ. ಕಾರಿನ ವಾಟರ್ ಪಂಪೂ ಅದೇ ಜಾತಿಯದು.

ಮೂರನೆಯ ತೊಂದರೆ ಎಲ್ಲಕ್ಕಿಂತ ಕಪಟಿ. ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟ್ಯಾಟ್ ಎಂಬ ಬಾಗಿಲಿದೆ. ಗ್ಯಾರೇಜಿನಲ್ಲಿ ಇದು ಬರಿ ‘ವಾಲ್ವ್’. ಅದರೊಳಗಿನ ಮೇಣ ಸುಮಾರು 82ರಿಂದ 88 ಡಿಗ್ರಿಗೆ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ. ಅದರ ಸುತ್ತ ಬಿಸಿ ನೀರಿನ ಬದಲು ಗಾಳಿಯಿದ್ದರೆ ಮೇಣಕ್ಕೆ ಸುದ್ದಿ ತಡವಾಗಿ ಮುಟ್ಟುತ್ತದೆ. ಉಷ್ಣತೆ ಅಳೆಯುವ ಸೆನ್ಸರಿನ ಗತಿಯೂ ಇದೇ. ಇಂಜಿನ್ನು ಬೇಯುತ್ತಿದ್ದರೂ ಮುಳ್ಳು ಅರ್ಧಕ್ಕೇ ನಿಂತಿರಬಹುದು, ಇಲ್ಲವೇ ಒಮ್ಮೆ ಜಿಗಿದು ಮತ್ತೆ ಇಳಿಯಬಹುದು. ಹೀಗೆ ಓಲಾಡುವ ಮುಳ್ಳು, ಡ್ಯಾಶ್‌ಬೋರ್ಡಿನ ಹಿಂದಿನಿಂದ ಕೇಳುವ ಗುಳುಗುಳು ಸದ್ದು, ಹೀಟರು ಹಚ್ಚಿದರೂ ತಣ್ಣಗೆ ಬೀಸುವ ಗಾಳಿ: ರಿಪೇರಿಯಾದ ಕಾರಿನಲ್ಲಿ ಇವು ಕಂಡರೆ ಮುಂದೆ ಓಡಿಸುವುದು ಬೇಡ. ಸಪಾಟು ರಸ್ತೆಯಲ್ಲಿ ಹೇಗೋ ಸಾಗಿದ ಕಾರು ಚಿಂಚೋಳಿಯಾಚೆ ಕುಂಚಾವರಂ ಕಾಡಿನ ಏರು ಹತ್ತುವಾಗ ಕೈಕೊಡುತ್ತದೆ. ಅಲ್ಯೂಮಿನಿಯಂ ಹೆಡ್ಡು ಕಾದು ಸೊಟ್ಟಗಾಯಿತೆಂದರೆ, ಒಂದು ಪೈಪು ಬದಲಿಸಿದ ಖರ್ಚಿನ ಎಷ್ಟೋ ಪಟ್ಟು ತೆರಬೇಕಾಗುತ್ತದೆ. ಬಾಡಿಗೆಗೆ ಕಾರು ಓಡಿಸಿ ಮಕ್ಕಳ ಫೀಜು ಕಟ್ಟುವವರಿಗೆ ಅದು ಎರಡು ಮೂರು ತಿಂಗಳ ಗಳಿಕೆ.

ತಗ್ಗಿದ ಮೂಗಿನ ಕಾರುಗಳು

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರನ್ನು ಓಡಿಸಿದವರಿಗೆ ಈ ತಾಪತ್ರಯ ಅಷ್ಟಾಗಿ ಇರಲಿಲ್ಲ. ಅದರ ರೇಡಿಯೇಟರು ಎತ್ತರವಾಗಿ ನಿಂತಿರುತ್ತಿತ್ತು, ಮುಚ್ಚಳವೇ ಇಡೀ ವ್ಯವಸ್ಥೆಯ ನೆತ್ತಿ. ನೀರು ಹೊಯ್ದಂತೆ ಗಾಳಿ ತಾನಾಗಿ ಮೇಲೆದ್ದು ಹೊರಬೀಳುತ್ತಿತ್ತು. 1983ರ ಕೊನೆಗೆ ಮಾರುತಿ 800 ಬಂತು. ಅಲ್ಲಿಂದೀಚೆಗೆ ಕಾರುಗಳ ಮೂಗು ತಗ್ಗುತ್ತ ಹೋಯಿತು, ಅದರೊಂದಿಗೆ ರೇಡಿಯೇಟರೂ ತಗ್ಗಿತು. ಈಗ ಅನೇಕ ಕಾರುಗಳಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಇಂಜಿನ್ನಿನ ಮೇಲ್ಭಾಗದಲ್ಲೋ ಹೀಟರಿನ ಪೈಪಿನ ಬಾಗಿನಲ್ಲೋ ಇರುತ್ತದೆ. ರಿಪೇರಿಗೆಂದು ನೀರು ಇಳಿಸಿ ಮತ್ತೆ ತುಂಬಿದಾಗ ಗಾಳಿ ಹೋಗಿ ಅಡಗುವುದು ಅಲ್ಲೇ.

ಅದನ್ನು ಹೊರಡಿಸಲು ಬೇಕಾದುದು ತಾಳ್ಮೆ. ಇಂಜಿನ್ನು ಪೂರ್ತಿ ತಣ್ಣಗಿರಬೇಕು. ಕಾರಿನ ಮುಂಭಾಗ ತುಸು ಏರಿನಲ್ಲಿರುವಂತೆ ನಿಲ್ಲಿಸಿದರೆ ತುಂಬುವ ಬಾಯಿಯೇ ಎತ್ತರವಾಗುತ್ತದೆ. (ಶಹಾಬಾದಿನಲ್ಲಿ ಫರಸಿ ಕಲ್ಲಿಗೆ ಬರವಿಲ್ಲವೆಂದು ಅದನ್ನೇ ಗಾಲಿಯಡಿ ಪೇರಿಸಬಾರದು; ಪದರದ ಕಲ್ಲು, ಭಾರಕ್ಕೆ ಬಿರಿಯುತ್ತದೆ.) ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಯ ಕಡೆ ತಿರುಗಿಸಬೇಕು. ಈ ಸುಡುಬಿಸಿಲಿನಲ್ಲಿ ಹೀಟರೇ ಎಂದು ನಗಬಾರದು. ಆ ಪೈಪಿನೊಳಗೂ ನೀರು ಹರಿದು ಗಾಳಿ ಹೊರಡಲೆಂದೇ ಈ ಉಪಾಯ. ಗಾಳಿ ಬಿಡುವ ಸ್ಕ್ರೂ ಇರುವ ಕಾರುಗಳಲ್ಲಿ ಅದನ್ನು ಸಡಿಲಿಸಿ, ಕೂಲೆಂಟನ್ನು ಸಣ್ಣ ಧಾರೆಯಾಗಿ ಹೊಯ್ಯಬೇಕು. ಬಕೆಟ್ಟಿನಿಂದ ಧೊಪ್ಪನೆ ಸುರಿದರೆ ನೀರೇ ಗಾಳಿಯ ದಾರಿಗೆ ಅಡ್ಡ ನಿಲ್ಲುತ್ತದೆ. ಸ್ಕ್ರೂವಿನಿಂದ ಗುಳ್ಳೆಯಿಲ್ಲದ ಧಾರೆ ಬಂದಾಗ ಬಿಗಿ ಮಾಡುವುದು. ನಡುನಡುವೆ ಮೇಲಿನ ಹೋಸನ್ನು ಕೈಯಿಂದ ಹಿಸುಕಿದರೆ ಸಿಕ್ಕಿಬಿದ್ದ ಗುಳ್ಳೆಗಳು ಕದಲುತ್ತವೆ.

ಆಮೇಲೆ ಇಂಜಿನ್ನು ಚಾಲೂ ಮಾಡಿ, ಆಕ್ಸಿಲರೇಟರು ಒತ್ತದೆ, ನಿಂತಲ್ಲೇ ಓಡಲು ಬಿಡಬೇಕು. ಮುಚ್ಚಳ ತೆರೆದಿಡಬೇಕೋ ಹಾಕಿಡಬೇಕೋ ಎಂಬುದು ಕಾರಿನಿಂದ ಕಾರಿಗೆ ಬೇರೆ. ಇಲ್ಲಿ ಕಂಪನಿಯ ಕೈಪಿಡಿ ಹೇಳಿದ್ದೇ ಸರಿ. ಹತ್ತು ಹದಿನೈದು ನಿಮಿಷಕ್ಕೆ ವಾಲ್ವು ತೆರೆದ ಕ್ಷಣ ಮಟ್ಟ ಗುಟುಕ್ಕನೆ ಇಳಿಯುತ್ತದೆ. ಗಾಳಿ ಬಿಟ್ಟ ಜಾಗಕ್ಕೆ ನೀರು ಹೋದ ಗುರುತು ಅದು. ರೇಡಿಯೇಟರಿನ ಫ್ಯಾನು ಎರಡು ಸಲ ತಿರುಗಿ ನಿಲ್ಲುವವರೆಗೆ, ಕೆಳಗಿನ ಹೋಸೂ ಬಿಸಿಯಾಗುವವರೆಗೆ ಕಾಯಬೇಕು. ಕೊನೆಗೆ ಇಂಜಿನ್ನು ಆರಿದ ಮೇಲೆ, ಇನ್ನೊಮ್ಮೆ ಮರುದಿನ ಬೆಳಿಗ್ಗೆ, ಮಟ್ಟ ನೋಡಿ ತುಂಬಬೇಕು. ಆರುವ ಸಮಯ ಬಿಟ್ಟರೂ ಅರ್ಧ ಮುಕ್ಕಾಲು ಗಂಟೆಯ ಕೆಲಸ.

ಈ ಮುಕ್ಕಾಲು ಗಂಟೆಯನ್ನು ಕೊಡಲು ಗಿರಾಕಿಗಳೇ ಒಪ್ಪುವುದಿಲ್ಲ! ಮಗಳನ್ನು ಪರೀಕ್ಷೆಗೆಂದು ಚಿಂಚೋಳಿಯಿಂದ ಕಲಬುರಗಿಗೆ ಕರೆದೊಯ್ಯುವ ಹಿಂದಿನ ಸಂಜೆ ಕಾರು ತಂದು, ‘ಲಗೂನ ಮಾಡಿ ಕೊಡ್ರಿ’ ಎಂದು ತಲೆಯ ಮೇಲೆ ನಿಲ್ಲುವವರಿದ್ದಾರೆ. ಪೈಪು ಬದಲಿಸಿದ್ದಕ್ಕೆ ಹಣ ಕೊಡುತ್ತಾರೆ, ಗಾಳಿ ತೆಗೆಯಲು ಕಾದು ನಿಂತ ಹುಡುಗನ ಹೊತ್ತಿಗೆ ಕೊಡುವುದಿಲ್ಲ. ಮುಂಜಾನೆ ನಡುದಾರಿಯಲ್ಲಿ ಬಾನೆಟ್ಟಿನಿಂದ ಹಬೆ ಎದ್ದಾಗ ಬೈಗುಳ ಮಾತ್ರ ಅದೇ ಹುಡುಗನಿಗೆ.

ಇನ್ನೊಂದು ಕೆಟ್ಟ ರೂಢಿಯನ್ನೂ ಹೇಳಬೇಕು. ‘ಈ ಬಿಸಿಲಿಗೆ ವಾಲ್ವ್ ಯಾಕ ಬೇಕು’ ಎಂದು ಥರ್ಮೋಸ್ಟ್ಯಾಟನ್ನೇ ಕಿತ್ತೆಸೆಯುವವರಿದ್ದಾರೆ. ಅದಿಲ್ಲದ ಇಂಜಿನ್ನು ಬೇಕಾದ ಬಿಸಿಗೆ ತಡವಾಗಿ ಬರುತ್ತದೆ, ಹೆಚ್ಚು ಎಣ್ಣೆ ಕುಡಿಯುತ್ತದೆ, ಬೇಗ ಸವೆಯುತ್ತದೆ. ಅನೇಕ ಥರ್ಮೋಸ್ಟ್ಯಾಟುಗಳ ಅಂಚಿನಲ್ಲಿ ಗಾಳಿ ನುಸುಳಿ ಹೋಗಲೆಂದೇ ಸಣ್ಣ ರಂಧ್ರ, ಅದರಲ್ಲಿ ಅಲುಗಾಡುವ ಪುಟ್ಟ ಪಿನ್ನು ಇರುತ್ತದೆ. ಆ ಪಿನ್ನು ಮೇಲ್ಗಡೆ ಬರುವಂತೆ ಕೂರಿಸಿದರೆ ಅರ್ಧ ಕೆಲಸ ಹಗುರ.

ಮುಚ್ಚಳ ಮುಟ್ಟಬೇಡಿ

ಕಾರು ಕಾದು ನಿಂತಾಗ ಮುಚ್ಚಳ ತೆಗೆಯಲು ಮೊದಲು ಧಾವಿಸುವವರು ಹುಡುಗರು. ತಂದೆ ತಾಯಂದಿರು ಇಲ್ಲಿ ಗದರಲೇಬೇಕು. ರೇಡಿಯೇಟರಿನ ಮುಚ್ಚಳ ಒಳಗೆ ಸುಮಾರು ಒಂದು ವಾತಾವರಣದಷ್ಟು ಹೆಚ್ಚುವರಿ ಒತ್ತಡವನ್ನು ಹಿಡಿದಿಡುತ್ತದೆ. ಒತ್ತಡ ಏರಿದರೆ ಕುದಿಯುವ ಬಿಂದುವೂ ಏರುತ್ತದೆ; ಪ್ರೆಶರ್ ಕುಕ್ಕರಿನ ತತ್ವವೇ ಇಲ್ಲೂ. ಒಳಗಿನ ನೀರು 110 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರಬಲ್ಲದು. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಬಿದ್ದು, ಅದು ಒಮ್ಮೆಲೇ ಕುದಿದು, ಮುಖ ಕೈಗಳ ಮೇಲೆ ಚಿಮ್ಮುತ್ತದೆ. ಬಟ್ಟೆ ಸುತ್ತಿಕೊಂಡರೂ ಇದರಿಂದ ರಕ್ಷಣೆಯಿಲ್ಲ. ಕಾರನ್ನು ನೆರಳಿಗೆ ನಿಲ್ಲಿಸಿ, ಇಂಜಿನ್ನು ಆರಿಸಿ, ಕೈಯಿಂದ ಮುಟ್ಟುವಷ್ಟು ತಣ್ಣಗಾಗುವವರೆಗೆ ಕೂರುವುದೊಂದೇ ದಾರಿ.

ತಣ್ಣಗಾದ ಮೇಲೆ ಯಾವ ನೀರು ಹಾಕುತ್ತೀರಿ ಎಂಬುದು ಈ ಸೀಮೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಸೇಡಂ, ಮಳಖೇಡ, ವಾಡಿಯ ಸಿಮೆಂಟಿಗೂ ಶಹಾಬಾದಿನ ಫರಸಿಗೂ ಮೂಲ ಒಂದೇ ಸುಣ್ಣಕಲ್ಲು. ಅದರ ನಡುವೆ ಹಾದುಬಂದ ಬಾವಿ, ಬೋರ್‌ವೆಲ್ ನೀರು ಕ್ಯಾಲ್ಸಿಯಂ ಬೈಕಾರ್ಬೊನೇಟನ್ನು ಕರಗಿಸಿಕೊಂಡೇ ಬರುತ್ತದೆ. ಕಾಯಿಸಿದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗೋಡೆಗೆ ಅಂಟುತ್ತದೆ. ಸ್ನಾನದ ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಹೆಪ್ಪು ಇದೇ. ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಅದು ಕಟ್ಟಿದರೆ ಎಷ್ಟು ಗಾಳಿ ತೆಗೆದರೂ ಪ್ರಯೋಜನವಿಲ್ಲ. ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿದ ಕೂಲೆಂಟ್ ದುಬಾರಿ ಎನಿಸಬಹುದು. ಕೊಳವೆ ಕಟ್ಟಿದ ರೇಡಿಯೇಟರು ಬದಲಿಸುವುದರ ಮುಂದೆ ಅದು ಏನೂ ಅಲ್ಲ.

ಕೆಲವೊಮ್ಮೆ ತಪ್ಪು ಗಾಳಿಯದ್ದಲ್ಲ. ಎಷ್ಟು ಸಲ ತೆಗೆದರೂ ಗುಳ್ಳೆ ನಿಲ್ಲದಿದ್ದರೆ, ಎಲ್ಲೂ ಸೋರದೆಯೂ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ, ಆಯಿಲ್ಲು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಹೆಡ್ ಗ್ಯಾಸ್ಕೆಟ್ ಒಡೆದಿರುವ ಸಂಭವ ಹೆಚ್ಚು. ಸಿಲಿಂಡರಿನ ಹೊಗೆಯೇ ನೀರಿಗೆ ನುಗ್ಗುತ್ತಿರುತ್ತದೆ. ಆಗ ಹೆಡ್ಡು ಬಿಚ್ಚದೆ ಗತಿಯಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ ಐ.ಟಿ.ಐ.ಗೆ ಸೇರುವವರಿಗೆ ‘ಮೆಕ್ಯಾನಿಕ್ ಮೋಟಾರ್ ವೆಹಿಕಲ್’ ಎರಡು ವರ್ಷದ ತರಬೇತಿ. ಎಲೆಕ್ಟ್ರಿಕ್ ಕಾರು ಬಂದರೆ ಈ ವಿದ್ಯೆಯೆಲ್ಲ ವ್ಯರ್ಥವೆಂದು ಕೆಲವು ಪಾಲಕರು ಹಿಂಜರಿಯುವುದುಂಟು. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇ.ವಿ.ಯ ಬ್ಯಾಟರಿಯನ್ನು ತಂಪಾಗಿಡುವುದೂ ಹರಿಯುವ ಕೂಲೆಂಟೇ. ಇಂಥ ಕಾರುಗಳಲ್ಲಿ ಪಂಪು ವಿದ್ಯುತ್ತಿನದು. ಕೂಲೆಂಟ್ ಬದಲಿಸಿದ ಮೇಲೆ ಸ್ಕ್ಯಾನರು ಜೋಡಿಸಿ, ಪಂಪಿಗೆ ಆಜ್ಞೆ ಕೊಟ್ಟು, ಬಿಟ್ಟು ಬಿಟ್ಟು ಓಡಿಸಿ ಗಾಳಿ ತೆಗೆಯುವ ಪದ್ಧತಿ ಇದೆ. ನೂರಾರು ವೋಲ್ಟಿನ ತಂತಿಗಳ ನಡುವೆ ಕೈಯಾಡಿಸುವ ಕೆಲಸವಾದ್ದರಿಂದ ಅದಕ್ಕೆ ಬೇರೆಯೇ ತರಬೇತಿ ಬೇಕು. ಟ್ಯಾಂಕಿಯಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಕಣ್ಣಿಟ್ಟು ಕಾಯುವುದು ಅಲ್ಲೂ ತಪ್ಪಿದ್ದಲ್ಲ.